ಒತ್ತಿದರೆ ಟುಸ್, ಬಿಟ್ಟರೆ ಟರ್ರ್

ಪೇಂಟ್‌ಬಾಲ್ ಆಟದಲ್ಲಿ ಬಣ್ಣ ತುಂಬಿದ ಗುಂಡನ್ನು ಗ್ಯಾಸಿನ ಒತ್ತಡದಿಂದ ಹಾರಿಸುವ ಬಂದೂಕೇ ಮಾರ್ಕರ್. ಸೆಕೆಂಡ್ ಹ್ಯಾಂಡ್ ಮಾರ್ಕರ್ ಮಾರುವವರೆಲ್ಲ ಹೇಳುವ ಮಾತು ಒಂದೇ: "ಕಳೆದ ಸಲ ಆಡಿದಾಗ ಚೆನ್ನಾಗಿಯೇ ಇತ್ತು." ಮಾತು ಸುಳ್ಳಲ್ಲ. ಆ ಕಳೆದ ಸಲ ಯಾವ ಕಾಲದ್ದು ಎಂದು ಅವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ, ಅಷ್ಟೆ. ನಡುವಿನ ವರ್ಷಗಳಲ್ಲಿ ಮಾರ್ಕರ್ ಕಪಾಟಿನ ಮೂಲೆಯಲ್ಲಿ ಮಲಗಿ, ಒಳಗಿನ ರಬ್ಬರನ್ನು ಒಣಗಿಸಿಕೊಂಡು, ಎಣ್ಣೆಯನ್ನು ಗೋಂದು ಮಾಡಿಕೊಂಡು, ಕೊನೆಯ ಆಟದಲ್ಲಿ ಒಡೆದ ಗುಂಡಿನ ಬಣ್ಣವನ್ನು ಗುಂಡು ತಳ್ಳುವ ಬೋಲ್ಟಿನ ಸುತ್ತ ಮೆತ್ತಿಕೊಂಡು ಸುಖವಾಗಿದೆ. ಹೊರಗಿನ ಶೋಕಿಗೆ ಮಾತ್ರ ಕೊರತೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಮಾರುದ್ದದ ಬ್ಯಾರೆಲ್, ಬೆಂಕಿಯ ಚಿತ್ರದ ಸ್ಟಿಕ್ಕರ್, ಯಾವುದಕ್ಕೂ ಬೇಕಿಲ್ಲದ ದುರ್ಬೀನು ಎಲ್ಲವೂ ಇರುತ್ತವೆ. ಗ್ಯಾಸ್ ಸೋರದಂತೆ ತಡೆಯುವ ಒಳಗಿನ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಒಂದು ಮಾತ್ರ ಸತ್ತು ಬಹಳ ದಿನವಾಗಿರುತ್ತದೆ.

ಮೈದಾನಕ್ಕೆ ಒಯ್ದು ಟ್ರಿಗರ್ ಒತ್ತಿದಾಗ ಗುಂಡು ಹಾರದಿದ್ದರೆ ಹೊಸ ಒಡೆಯ ಮಾಡುವುದೂ ಒಂದೇ. ಮೊದಲು ಅಲ್ಲಾಡಿಸುತ್ತಾನೆ. ಆಮೇಲೆ ಅಂಗೈಯಿಂದ ಎರಡು ಬಡಿಯುತ್ತಾನೆ. ಆಮೇಲೆ ಪಕ್ಕದವನಿಗೆ ಕೊಡುತ್ತಾನೆ, ಅವನೂ ಎರಡು ಬಡಿಯುತ್ತಾನೆ. ಕೊನೆಗೆ ಸಂಜೆ ಮನೆಯಲ್ಲಿ ಕೂತು ಕಣ್ಣಿಗೆ ಕಂಡ ಸ್ಕ್ರೂಗಳನ್ನೆಲ್ಲ ಬಿಚ್ಚುತ್ತಾನೆ. ಈ ಕ್ರಮದಲ್ಲಿ ಬಿಟ್ಟುಹೋದ ಕೆಲಸವೆಂದರೆ ಕಿವಿಗೊಡುವುದು. ಮಾರ್ಕರ್‌ಗೆ ಬರುವುದು ನಾಲ್ಕೇ ಮಾತು: ಸುಯ್, ಟುಸ್, ಟರ್ರ್, ಪಚಕ್. ಕೆಟ್ಟಿರುವುದು ಎಲ್ಲಿ ಎಂಬುದನ್ನು ಹೆಚ್ಚುಕಡಿಮೆ ಅದೇ ಹೇಳಿಬಿಡುತ್ತದೆ.

ಕಿವಿಗಿಂತ ಮುಂಚೆ ಕಣ್ಣಿನ ವಿಷಯ. ಪೇಂಟ್‌ಬಾಲ್‌ಗೆಂದೇ ಮಾಡಿದ ಮಾಸ್ಕ್ ಹಾಕಿಕೊಳ್ಳದೆ ಗ್ಯಾಸ್ ಕೂಡಿಸಿದ ಮಾರ್ಕರ್ ಮುಟ್ಟಬೇಡಿ. ಆಟಕ್ಕಲ್ಲ, ಬರೀ ಪರೀಕ್ಷೆಗೆ ಎಂಬ ಸಬೂಬು ಬೇಡ. ಹಾರುವುದಿಲ್ಲ ಎಂದು ನೀವು ನಂಬಿರುವ ಮಾರ್ಕರ್ ಹಾರಲು ಆರಿಸಿಕೊಳ್ಳುವುದು ನೀವು ಬ್ಯಾರೆಲ್ ಒಳಗೆ ಇಣುಕಿದ ಕ್ಷಣವನ್ನೇ. ಬಿಚ್ಚುವ ಮೊದಲು ಬ್ಯಾರೆಲ್ ಬಾಯಿಗೆ ಬಟ್ಟೆಯ ಚೀಲ ಬಿಗಿಯಿರಿ, ಸೇಫ್ಟಿ ಹಾಕಿ, ಗುಂಡು ತುಂಬುವ ಡಬ್ಬಿ, ಅಂದರೆ ಹಾಪರ್, ತೆಗೆಯಿರಿ, ಗ್ಯಾಸಿನ ಟ್ಯಾಂಕ್ ತಿರುಗಿಸಿ ಬಿಡಿಸಿ. ಟ್ಯಾಂಕ್ ಬಿಡಿಸಿದರೂ ಒಳಗೆ ಒಂದೆರಡು ಹೊಡೆತಕ್ಕಾಗುವಷ್ಟು ಗ್ಯಾಸ್ ಉಳಿದಿರುತ್ತದೆ. ಯಾರೂ ಇಲ್ಲದ ಕಡೆಗೆ ನೆಲಕ್ಕೆ ತಿರುಗಿಸಿ, ಸೇಫ್ಟಿ ತೆಗೆದು, ಸದ್ದು ನಿಲ್ಲುವವರೆಗೆ ಹಾರಿಸಿ. ಆಮೇಲಷ್ಟೆ ಸ್ಕ್ರೂ ಬಿಚ್ಚುವ ಆರು ಮೂಲೆಯ ಎಲನ್ ಕೀ.

ಟ್ಯಾಂಕ್ ಬಿಡಿಸುವಾಗ ತಮಾಷೆಯಲ್ಲದ ಒಂದು ಸಂಗತಿಯಿದೆ. ಟ್ಯಾಂಕ್ ಎಂದು ನಾವು ಕರೆಯುವುದು ಎರಡು ತುಂಡು: ಬಾಟಲಿ ಮತ್ತು ಅದರ ಕತ್ತಿನಲ್ಲಿ ಕೂತ ವಾಲ್ವ್. ಹಳೆಯ ಟ್ಯಾಂಕಿನಲ್ಲಿ ಕೆಲವೊಮ್ಮೆ ವಾಲ್ವ್ ಮಾರ್ಕರ್‌ಗೆ ಅಂಟಿಕೊಂಡು ನಿಂತು, ಬಾಟಲಿ ಮಾತ್ರ ವಾಲ್ವಿನಿಂದ ತಿರುಗಿಕೊಂಡು ಬರುತ್ತದೆ. ಪೂರ್ತಿ ಬಂದರೆ ಬಾಟಲಿ ರಾಕೆಟ್ಟಾಗುತ್ತದೆ. ಇದರಿಂದ ಜೀವಗಳು ಹೋಗಿವೆ. ಉಗುರುಬಣ್ಣದಿಂದ ಬಾಟಲಿಯ ಕತ್ತಿನಿಂದ ವಾಲ್ವಿನವರೆಗೆ ಒಂದು ನೇರ ಗೆರೆ ಎಳೆದಿಡಿ. ತಿರುಗಿಸುವಾಗ ಗೆರೆ ಎರಡು ಹೋಳಾಗಿ ಪಕ್ಕಕ್ಕೆ ಸರಿದರೆ ಅಲ್ಲಿಗೇ ಕೈ ನಿಲ್ಲಿಸಿ, ಟ್ಯಾಂಕ್ ಬಲ್ಲವರ ಹತ್ತಿರ ಮಾರ್ಕರ್ ಸಮೇತ ಒಯ್ಯಿರಿ. ಟ್ಯಾಂಕಿನ ಮೈಮೇಲಿನ ಪರೀಕ್ಷೆಯ ತಿಂಗಳು, ವರ್ಷವನ್ನೂ ಓದಿ. ಅಧಿಕ ಒತ್ತಡದ ಗಾಳಿಯ ಟ್ಯಾಂಕುಗಳಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು; ನಾರು ಸುತ್ತಿದ ಹಗುರ ಟ್ಯಾಂಕುಗಳಲ್ಲಿ ಬಹಳಷ್ಟಕ್ಕೆ 15 ವರ್ಷವೇ ಆಯಸ್ಸು. ಮಾರುವವರು "ಟ್ಯಾಂಕ್ ಫ್ರೀ" ಎಂದಾಗ ಮೊದಲು ನೋಡಬೇಕಾದ್ದು ಈ ತಾರೀಖನ್ನು.

ಇನ್ನು ಒಳಗೆ ನಡೆಯುವುದೇನು ಎಂಬುದು ಗೊತ್ತಿದ್ದರೆ ಅರ್ಧ ಬಡಿದಾಟ ತಪ್ಪುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ಕೈಗೆ ಬರುವ ಮಾರ್ಕರ್‌ಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ಜಾತಿಯವು. ಟಿಪ್‌ಮ್ಯಾನ್ 98, ಸ್ಪೈಡರ್ ಎಲ್ಲ ಇದೇ ಕುಲ. ಹಿಂದೆ ಒಂದು ಭಾರದ ಹ್ಯಾಮರ್, ಅದರ ಬೆನ್ನಿಗೆ ಗಟ್ಟಿ ಸ್ಪ್ರಿಂಗ್. ಹ್ಯಾಮರನ್ನು ಹಿಂದಕ್ಕೆ ಎಳೆದರೆ ಸಿಯರ್ ಎಂಬ ಪುಟ್ಟ ಕೊಕ್ಕೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಒತ್ತಿದಾಗ ಕೊಕ್ಕೆ ಬಿಡುತ್ತದೆ, ಹ್ಯಾಮರ್ ಮುಂದಕ್ಕೆ ನುಗ್ಗುತ್ತದೆ, ಜೊತೆಗೆ ಕೊಂಡಿಯಿಂದ ಜೋಡಿಸಿದ ಬೋಲ್ಟ್ ಗುಂಡನ್ನು ಬ್ಯಾರೆಲ್ಲಿಗೆ ತಳ್ಳುತ್ತದೆ, ಹ್ಯಾಮರ್ ಹೋಗಿ ವಾಲ್ವಿನ ಪಿನ್ನಿಗೆ ಬಡಿಯುತ್ತದೆ. ವಾಲ್ವ್ ತೆರೆದ ಆ ಕ್ಷಣದಲ್ಲಿ ಗ್ಯಾಸ್ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಮುಂದೆ ಹೋಗಿ ಗುಂಡನ್ನು ಹಾರಿಸುತ್ತದೆ. ಇನ್ನೊಂದು ಪಾಲು ಹ್ಯಾಮರನ್ನು ಹಿಂದಕ್ಕೆ ತಳ್ಳಿ ಮತ್ತೆ ಕೊಕ್ಕೆಗೆ ಸಿಕ್ಕಿಸುತ್ತದೆ. ಈ ಪಾಲುಪಟ್ಟಿಯಲ್ಲಿ ಯಾರಿಗಾದರೂ ಕಡಿಮೆ ಬಿದ್ದರೆ ಜಗಳ ಶುರು. ಬ್ಲೋಬ್ಯಾಕ್ ಮಾರ್ಕರ್‌ನ ಕಾಯಿಲೆಗಳಲ್ಲಿ ಹೆಚ್ಚಿನವು ಈ ಜಗಳದ ಬೇರೆ ಬೇರೆ ರೂಪಗಳು.

ಮೊದಲು ಸುಯ್. ಗ್ಯಾಸ್ ಸೋರುವ ಸದ್ದು. ಟ್ಯಾಂಕ್ ತಿರುಗಿಸಿದ ಕೂಡಲೇ ಬ್ಯಾರೆಲ್ಲಿನ ಮೂಲಕ ಗ್ಯಾಸೆಲ್ಲ ಹರಿದುಹೋಗುತ್ತದೆ ಎಂದು ರಿಪೇರಿಗೆ ಬರುವ ಮಾರ್ಕರ್‌ಗಳಲ್ಲಿ ಎಷ್ಟೋ ಸೋರುವುದೇ ಇಲ್ಲ. ಹ್ಯಾಮರ್ ಮುಂದೆ ಇರುವಾಗ ಅದರ ಸ್ಪ್ರಿಂಗ್ ವಾಲ್ವಿನ ಪಿನ್ನನ್ನು ಒತ್ತಿಕೊಂಡೇ ಇರುತ್ತದೆ. ಹಾಗಿರುವಾಗ ಗ್ಯಾಸ್ ಕೊಟ್ಟರೆ ತೆರೆದ ಬಾಗಿಲಿನಿಂದ ಹೊರಗೆ ಹೋಗದೆ ಇನ್ನೇನು ಮಾಡೀತು? ಮೊದಲು ಕಾಕ್ ಮಾಡಿ, ಅಂದರೆ ಹ್ಯಾಮರನ್ನು ಕ್ಲಿಕ್ ಎನ್ನುವವರೆಗೆ ಹಿಂದಕ್ಕೆ ಎಳೆದು, ಸೇಫ್ಟಿ ಹಾಕಿ, ಆಮೇಲೆ ಟ್ಯಾಂಕ್ ತಿರುಗಿಸಿ. ಕೈಪಿಡಿಯ ಮೊದಲ ಪುಟಗಳಲ್ಲೇ ಇರುವ ಮಾತು. ಆದರೆ ಸೆಕೆಂಡ್ ಹ್ಯಾಂಡ್ ಮಾರ್ಕರ್‌ನೊಂದಿಗೆ ಕೈಪಿಡಿ ಬಂದ ಉದಾಹರಣೆ ಅಪರೂಪ. ಮೊದಲ ಒಡೆಯನೂ ಅದನ್ನು ಓದಿರಲಿಲ್ಲವಲ್ಲ.

ಕಾಕ್ ಮಾಡಿದ ಮೇಲೂ ಬ್ಯಾರೆಲ್ಲಿನಿಂದ ಸುಯ್ ಬಂದರೆ ವಾಲ್ವಿನೊಳಗಿನ ಕಪ್ ಸೀಲ್ ಕಡೆ ಕೈ ತೋರಿಸಬಹುದು. ಅದು ಪಿನ್ನಿನ ತುದಿಯಲ್ಲಿ ಕೂತ ಪ್ಲಾಸ್ಟಿಕ್ ಬಿಲ್ಲೆ. ಅದರ ಮುಖದ ಮೇಲೆ ವಾಲ್ವಿನ ಅಂಚು ಒತ್ತಿದ ಉಂಗುರದ ಗುರುತು ಒಂದೇ ಸಮ ಇರಬೇಕು. ಗುರುತು ಎಲ್ಲಾದರೂ ತುಂಡಾಗಿದ್ದರೆ, ಗೀರು ಬಿದ್ದಿದ್ದರೆ, ಮರಳಿನ ಕಣ ಕೂತಿದ್ದರೆ ಅಲ್ಲೇ ಸೋರಿಕೆ. ಕಣವಾದರೆ ಒರೆಸಿ, ಗೀರಾದರೆ ಹೊಸದು ಹಾಕಿ. ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವ ಹುಮ್ಮಸ್ಸು ಬೇಡ. ಉಜ್ಜಿದ ಮೇಲೆ ಅದು ಎಲ್ಲ ಕಡೆಯಿಂದಲೂ ಸಮನಾಗಿ ಸೋರುತ್ತದೆ.

ಸುಯ್ ಟ್ಯಾಂಕಿನ ಬುಡದಿಂದ ಬಂದರೆ ನೀವು ಅದೃಷ್ಟವಂತರು. ಟ್ಯಾಂಕ್ ವಾಲ್ವಿನ ಮೂತಿಯ ಮೇಲೆ ಕೂರುವ ಓ-ರಿಂಗ್ ಹರಿದಿದೆ, ಅಷ್ಟೆ. ಅದರ ಅಳತೆ 015. ಕೊಳ್ಳುವಾಗ ಪಾಲಿಯುರೆಥೇನ್, ಗಡಸು 90 ಎಂದು ಕೇಳಿ. ನೋಡಲು ಹಾಗೇ ಇರುವ ಕಪ್ಪು ನೈಟ್ರೈಲ್ ಉಂಗುರ ಕೆಲವು ಟ್ಯಾಂಕುಗಳಲ್ಲಿ ಗಾಳಿಯ ಬದಲು ತುಂಬುವ ಇಂಗಾಲದ ಡೈಆಕ್ಸೈಡಿಗೆ ಹೇಳಿ ಮಾಡಿಸಿದ್ದಲ್ಲ. ಗ್ಯಾಸ್ ರಬ್ಬರಿನ ಮೈಯೊಳಗೆ ಇಂಗುತ್ತದೆ. ಟ್ಯಾಂಕ್ ಬಿಡಿಸಿದಾಗ ಒತ್ತಡ ಹೋಗಿ ಒಳಗೆ ಇಂಗಿದ್ದು ಹಿಗ್ಗುತ್ತದೆ, ಉಂಗುರ ಊದಿಕೊಂಡು ತನ್ನ ಜಾಗ ಬಿಟ್ಟು ಹೊರಗೆ ಇಣುಕುತ್ತದೆ. ಅದನ್ನೇ ಮತ್ತೆ ಒತ್ತಿ ಕೂರಿಸಿ ತಿರುಗಿಸಿದವರು ಅದನ್ನು ಎರಡು ತುಂಡು ಮಾಡಿದ್ದಾರೆ ಎಂದೇ ಲೆಕ್ಕ. ಒಂದು ಡಜನ್ ಉಂಗುರ ಜೇಬಿನಲ್ಲಿ ಇಟ್ಟುಕೊಂಡವರಿಗೆ ಮೈದಾನದಲ್ಲಿ ಸಿಗುವ ಮರ್ಯಾದೆ ಆಟ ಗೆದ್ದವರಿಗೂ ಸಿಗುವುದಿಲ್ಲ.

ಎಲ್ಲಿಂದ ಸೋರುತ್ತಿದೆ ಎಂದು ಕಿವಿಗೆ ತಿಳಿಯದಿದ್ದರೆ ಸೋಪಿನ ನೀರನ್ನು ಕೀಲುಗಳ ಮೇಲೆ ಸವರಿ. ಗುಳ್ಳೆ ಎದ್ದಲ್ಲಿ ಕಳ್ಳನಿದ್ದಾನೆ. ಪೈಪು, ತಿರುಪಿನ ಜೋಡಣೆಗಳಲ್ಲಿ ಸೋರಿದರೆ ಸೋರಿಕೆ ತಡೆಯಲು ಸುತ್ತಿದ ಹಳೆಯ ಟೇಪು ಕಿತ್ತು ಹೊಸದನ್ನು ಒಂದೆರಡು ಸುತ್ತು ಸುತ್ತಬಹುದು, ಆದರೆ ತಿರುಪಿನ ತುದಿಯ ಮೊದಲ ಎಳೆಯನ್ನು ಬರಿದಾಗಿ ಬಿಡಿ. ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಹೋಗಿ ವಾಲ್ವಿನಲ್ಲಿ ಕೂತು ಹೊಸದೊಂದು ಸುಯ್ ಹುಟ್ಟಿಸುತ್ತದೆ. ಟ್ಯಾಂಕ್ ಮತ್ತು ಮಾರ್ಕರ್ ಸೇರುವಲ್ಲಿ ಟೇಪಿಗೆ ಕೆಲಸವೇ ಇಲ್ಲ, ಅಲ್ಲಿ ತಡೆಯುವುದು ಓ-ರಿಂಗ್. ಸೋಪು ನೀರು ಬಳಸಿದ ಮೇಲೆ ಒರೆಸಿ. ಎಲೆಕ್ಟ್ರಾನಿಕ್ ಮಾರ್ಕರ್ ಆದರೆ ಹಿಡಿಯ ಕಡೆಗೆ ನೀರು ಹೋಗದಂತೆ ನೋಡಿಕೊಳ್ಳಿ.

ಎರಡನೆಯದು ಟುಸ್. ಸದ್ದು ಬರುತ್ತದೆ, ಗುಂಡೂ ಬರುತ್ತದೆ, ಆದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಹುಲ್ಲಿನ ಮೇಲೆ ಮಲಗುತ್ತದೆ. ಎದುರಾಳಿ ಬಂದು ಎತ್ತಿ ಕೊಟ್ಟರೂ ಆಶ್ಚರ್ಯವಿಲ್ಲ. ಇಲ್ಲಿ ಮೊದಲು ನೋಡಬೇಕಾದ್ದು ಟ್ಯಾಂಕ್ ಪೂರ್ತಿ ತಿರುಗಿದೆಯೇ ಎಂಬುದು. ಟ್ಯಾಂಕಿನ ಮೂತಿಯಲ್ಲಿ ಒಂದು ಪಿನ್ ಇದೆ; ಮಾರ್ಕರ್ ಅದನ್ನು ಒಳಗೆ ಒತ್ತಿದಷ್ಟು ಗ್ಯಾಸ್ ಬರುತ್ತದೆ. ಅರ್ಧ ತಿರುಗಿಸಿ ಬಿಟ್ಟರೆ ಮೊದಲ ಹೊಡೆತ ಜೋರು, ಎರಡನೆಯದು ಸುಸ್ತು, ಮೂರನೆಯದು ಟುಸ್. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಮೊದಲನೆಯದು ಜೋರು. ಈ ಲಯ ಕಂಡರೆ ಮಾರ್ಕರ್ ಬಿಚ್ಚುವ ಅಗತ್ಯವಿಲ್ಲ, ಇನ್ನೊಂದು ಸುತ್ತು ತಿರುಗಿಸಿ.

ಆಮೇಲೆ ಗ್ಯಾಸ್. ಇಂಗಾಲದ ಡೈಆಕ್ಸೈಡ್ ಟ್ಯಾಂಕಿನ ಒತ್ತಡ ತೋರಿಸುವ ಮುಳ್ಳು ನಂಬಬಾರದ ಮುಳ್ಳು. ಒಳಗೆ ದ್ರವ ಒಂದು ಹನಿ ಉಳಿದಿರುವವರೆಗೂ ಒತ್ತಡ ಒಂದೇ ಆಗಿರುತ್ತದೆ. ಟ್ಯಾಂಕ್ ಮುಕ್ಕಾಲು ಖಾಲಿಯಾದರೂ ಮುಳ್ಳು ಹಿಗ್ಗಿಕೊಂಡು ನಿಂತಿರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕವೊಂದೇ ದಾರಿ. ಆ ಒತ್ತಡವೂ ಬಿಸಿಲು ನೋಡಿ ಬಣ್ಣ ಬದಲಿಸುತ್ತದೆ: 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 850 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ಸೊನ್ನೆ ಡಿಗ್ರಿಗೆ ಇಳಿದರೆ 500ರ ಆಸುಪಾಸು, 30 ದಾಟಿದರೆ ಸಾವಿರದ ಮೇಲೆ. ಹೊರಗಿನ ಹವೆ ಬೆಚ್ಚಗಿದ್ದರೂ ಎಡೆಬಿಡದೆ ಹಾರಿಸಿದರೆ ದ್ರವ ಆವಿಯಾಗುತ್ತ ಟ್ಯಾಂಕನ್ನೇ ತಣ್ಣಗೆ ಮಾಡಿಬಿಡುತ್ತದೆ. ಟ್ಯಾಂಕ್ ಮೇಲೆ ಮಂಜು, ಬ್ಯಾರೆಲ್ಲಿನಿಂದ ಬಿಳಿ ಹೊಗೆ, ಗುಂಡು ಮಾತ್ರ ಕಾಲಬುಡದಲ್ಲಿ. ಮದ್ದು ಸುಲಭ: ಕೆಲವು ನಿಮಿಷ ಒತ್ತುವುದನ್ನು ನಿಲ್ಲಿಸಿ. ಟ್ಯಾಂಕನ್ನು ಬಿಸಿನೀರಿಗೆ ಅದ್ದುವ, ಬೆಂಕಿಗೆ ತೋರಿಸುವ ಮದ್ದು ಹೇಳುವವರಿಂದ ದೂರವಿರಿ. ಅವರ ಮಾರ್ಕರ್ ಕೊಳ್ಳಬೇಡಿ ಕೂಡ.

ಗಾಳಿಯ ಟ್ಯಾಂಕ್ ಈ ವಿಷಯದಲ್ಲಿ ಪ್ರಾಮಾಣಿಕ. 3000 ಅಥವಾ 4500 ಪಿಎಸ್‌ಐ ತುಂಬಿಸಿದ್ದು ಹೊಡೆದಂತೆಲ್ಲ ಇಳಿಯುತ್ತದೆ, ಮುಳ್ಳೂ ಇಳಿಯುತ್ತದೆ. ಟ್ಯಾಂಕಿನ ಮೇಲಿನ ರೆಗ್ಯುಲೇಟರ್ ಸಾಮಾನ್ಯವಾಗಿ ಸುಮಾರು 800ರಿಂದ 850ಕ್ಕೆ ಇಳಿಸಿ ಮಾರ್ಕರ್‌ಗೆ ಕೊಡುತ್ತದೆ. ಮುಳ್ಳು 600 ತೋರಿಸುವಾಗ ಇನ್ನೂ ಗಾಳಿ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ಇದೆ, ಬ್ಲೋಬ್ಯಾಕ್ ಮಾರ್ಕರ್‌ಗೆ ಸಾಲದಷ್ಟು ಇದೆ.

ಟುಸ್ಸಿಗೆ ಇನ್ನೊಂದು ಕಾರಣ ಗುಂಡೇ ಮುಂದಕ್ಕೆ ಉರುಳಿ ಹೋಗಿರುವುದು. ಗುಂಡು ಕೂರುವ ಜಾಗದಲ್ಲಿ ಡಿಟೆಂಟ್ ಎಂಬ ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ನಾಲಿಗೆ ಇದ್ದು, ಬೋಲ್ಟ್ ತಳ್ಳುವವರೆಗೆ ಗುಂಡನ್ನು ತಡೆದಿರುತ್ತದೆ. ಅದು ಸವೆದರೆ ಗುಂಡು ಬ್ಯಾರೆಲ್ಲಿನೊಳಗೆ ತಾನಾಗಿಯೇ ಜಾರುತ್ತದೆ, ಹಿಂದೆ ಇನ್ನೊಂದು ಬಂದು ಕೂರುತ್ತದೆ. ಬ್ಯಾರೆಲ್ ಬಿಚ್ಚಿ, ಬೆರಳ ತುದಿಯಿಂದ ಆ ನಾಲಿಗೆಯನ್ನು ಒತ್ತಿ ನೋಡಿ. ಒತ್ತಿದರೆ ಒಳಗೆ ಹೋಗಿ ಬಿಟ್ಟರೆ ಎದ್ದು ಬರಬೇಕು. ಒಳಗೆ ಹೋದದ್ದು ಅಲ್ಲೇ ಉಳಿದರೆ ಬದಲಾಯಿಸಿ. ಇಡೀ ಮಾರ್ಕರ್‌ನಲ್ಲಿ ಇಷ್ಟು ಚಿಕ್ಕದೂ ಇಷ್ಟು ಉಪದ್ರವದ್ದೂ ಇನ್ನೊಂದಿಲ್ಲ.

ಟುಸ್ ಕೂಡ ಇಲ್ಲ, ಟ್ರಿಗರ್ ಒತ್ತಿದರೆ ಏನೂ ಆಗುತ್ತಿಲ್ಲ ಎನ್ನುವವರು ಸೇಫ್ಟಿ ಬಟನ್ ನೋಡಿ. ನಗಬೇಡಿ, ನೋಡಿ. ಬಟನ್ನಿನ ಕೆಂಪು ಉಂಗುರ ಕಂಡರೆ ಸಾಮಾನ್ಯವಾಗಿ ಹಾರುತ್ತದೆ, ಕಾಣದಿದ್ದರೆ ಇಲ್ಲ. ಎಲೆಕ್ಟ್ರಾನಿಕ್ ಮಾರ್ಕರ್ ಆದರೆ ಬ್ಯಾಟರಿ. 9 ವೋಲ್ಟಿನ ಹಳೆಯ ಬ್ಯಾಟರಿ ದೀಪ ಹೊತ್ತಿಸಲು ಸಾಕಾಗುತ್ತದೆ, ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟವನ್ನು ಎಳೆಯಲು ಸಾಲದು. ದೀಪ ನೋಡಿ ಬ್ಯಾಟರಿ ಸರಿಯಿದೆ ಎಂದುಕೊಂಡವರು ಸರ್ಕ್ಯೂಟ್ ಬೋರ್ಡನ್ನೇ ಬದಲಿಸಿದ್ದಾರೆ. ಬ್ಯಾಟರಿ ಹೊಸದಾದರೂ ನಿಧಾನಕ್ಕೆ ಹಾರಿಸಿದರೆ ಗುಂಡು ಕೂರುವ ಜಾಗದ ಎರಡು ಕಣ್ಣುಗಳನ್ನು ಒರೆಸಿ. ಅಲ್ಲಿನ ಕಿರಣ ತುಂಡಾದರೆ ಗುಂಡು ಬಂದಿದೆ ಎಂದು ಬೋರ್ಡಿಗೆ ತಿಳಿಯುತ್ತದೆ. ಕಣ್ಣಿಗೆ ಬಣ್ಣ ಮೆತ್ತಿದರೆ ಅದು ಗೊಂದಲಕ್ಕೆ ಬಿದ್ದು ಅನುಮಾನದಿಂದಲೇ ಹಾರಿಸುತ್ತದೆ. ಕೆಲವು ಹೊತ್ತು ಸುಮ್ಮನಿಟ್ಟು ಹಾರಿಸಿದ ಮೊದಲ ಗುಂಡು ಮಾತ್ರ ಸೋಮಾರಿಯಾಗಿದ್ದರೆ ಒಳಗಿನ ಓ-ರಿಂಗುಗಳು ಒಣಗಿ ಅಂಟಿಕೊಳ್ಳುತ್ತಿವೆ; ಬಿಚ್ಚಿ ಒರೆಸಿ ತೆಳ್ಳಗೆ ಗ್ರೀಸ್ ಸವರಿದರೆ ಹೋಗುತ್ತದೆ. ಇಂಥ ಮಾರ್ಕರ್‌ಗೆ ಗಾಳಿಯೇ ಸರಿ. ಇಂಗಾಲದ ಡೈಆಕ್ಸೈಡಿನ ದ್ರವ ಸೊಲೆನಾಯ್ಡಿಗೆ ಹೊಕ್ಕರೆ ಅದರ ರಬ್ಬರ್ ಹೆಪ್ಪುಗಟ್ಟಿ ಕೆಲಸ ಕೆಡುತ್ತದೆ.

ಈಗ ಟರ್ರ್. ಒಮ್ಮೆ ಒತ್ತಿದ್ದಕ್ಕೆ ಮಾರ್ಕರ್ ಮೆಷಿನ್ ಗನ್ನಿನಂತೆ ಗುಡುಗುತ್ತದೆ. ಕೊಂಡವನ ಮುಖದಲ್ಲಿ ಮೊದಲು ಮೂಡುವುದು ಹೆಮ್ಮೆ: ಮಾರಿದವನು ಇದನ್ನು ಹೇಳಲೇ ಇಲ್ಲವಲ್ಲ! ಹೆಮ್ಮೆ ಪಡುವಂಥದ್ದೇನೂ ಇಲ್ಲ, ಬೆರಳು ತೆಗೆದರೂ ನಿಲ್ಲದ ಮಾರ್ಕರನ್ನು ಯಾವ ಮೈದಾನದವರೂ ಒಳಗೆ ಬಿಡುವುದಿಲ್ಲ. ನಡೆಯುತ್ತಿರುವುದು ಇಷ್ಟು: ಹ್ಯಾಮರನ್ನು ಹಿಂದಕ್ಕೆ ತಳ್ಳಬೇಕಾದ ಗ್ಯಾಸಿನ ಪಾಲು ಸಾಲುತ್ತಿಲ್ಲ. ಹ್ಯಾಮರ್ ಕೊಕ್ಕೆಯವರೆಗೆ ಬರುವ ಮೊದಲೇ ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ಒಗೆಯುತ್ತದೆ, ಅದು ಮತ್ತೆ ವಾಲ್ವಿಗೆ ಬಡಿಯುತ್ತದೆ, ಮತ್ತೆ ಅರ್ಧ ದಾರಿಗೆ ವಾಪಸ್.

ಕಾರಣಗಳನ್ನು ಅಗ್ಗದ್ದರಿಂದ ಶುರು ಮಾಡಿ. ಟ್ಯಾಂಕ್ ಖಾಲಿಯೋ, ತಣ್ಣಗಾಗಿದೆಯೋ? ತುಂಬಿದ ಟ್ಯಾಂಕ್ ಹಾಕಿದರೆ ನಿಂತೀತು. ನಿಲ್ಲಲಿಲ್ಲವೇ? ಹ್ಯಾಮರಿನ ಸುತ್ತ ಇರುವ ಓ-ರಿಂಗ್ ನೋಡಿ. ಇದು ಸವೆದರೆ ಹಿಂದಕ್ಕೆ ತಳ್ಳಬೇಕಾದ ಗ್ಯಾಸ್ ಪಕ್ಕದಿಂದ ನುಸುಳಿ ಹೋಗುತ್ತದೆ. ಹಳೆಯ ಟಿಪ್‌ಮ್ಯಾನ್, ಸ್ಪೈಡರ್‌ಗಳಲ್ಲಿ ಟರ್ರಿಗೆ ಇದೇ ಮುಖ್ಯ ಆರೋಪಿ ಎಂಬುದು ಈ ಕಸುಬಿನವರ ನಂಬಿಕೆ, ಹತ್ತರಲ್ಲಿ ಬಹುಪಾಲು ಸಲ ನಂಬಿಕೆ ಸುಳ್ಳಾಗುವುದಿಲ್ಲ. ಉಂಗುರವನ್ನು ಬೆರಳಿನಿಂದ ಸವರಿದಾಗ ಹೊರಮೈ ಚಪ್ಪಟೆಯಾಗಿದ್ದರೆ, ಹ್ಯಾಮರನ್ನು ಎಣ್ಣೆಯಿಲ್ಲದೆ ಒಳಗೆ ಇಳಿಸಿದಾಗ ಸ್ವಲ್ಪವೂ ಬಿಗಿ ಅನ್ನಿಸದೆ ಜಾರಿ ಬಿದ್ದರೆ, ಬದಲಾಯಿಸಿ. ಅತಿ ದಪ್ಪದ್ದು ಹಾಕಿದರೆ ಬಿಗಿ ಹೆಚ್ಚಾಗಿ ಹ್ಯಾಮರ್ ಅರ್ಧದಲ್ಲೇ ಸಿಕ್ಕಿಕೊಂಡು ಮತ್ತೆ ಟುಸ್. ಕಂಪನಿ ಹೇಳಿದ ಅಳತೆಯದೇ ಬೇಕು.

ಮೂರನೆಯ ಕಾರಣ ಹಳೆಯ ಒಡೆಯನ ಸುಧಾರಣೆ. ಮಾರ್ಕರ್ ಕೆಟ್ಟಾಗ ರಿಪೇರಿ ಮಾಡದೆ ಅಪ್‌ಗ್ರೇಡ್ ಮಾಡುವ ಒಂದು ಪಂಗಡವಿದೆ. ಗುಂಡು ದೂರ ಹೋಗುತ್ತಿಲ್ಲ ಎಂದು ಇನ್ನೂ ಗಟ್ಟಿಯ ಸ್ಪ್ರಿಂಗ್ ಹಾಕುತ್ತಾರೆ. ಆ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಲು ಹೆಚ್ಚು ಗ್ಯಾಸ್ ಬೇಕು, ಸಿಗುವುದಿಲ್ಲ, ಟರ್ರ್. ಟರ್ರ್ ನಿಲ್ಲಿಸಲು ಟ್ರಿಗರ್ ಸ್ಪ್ರಿಂಗ್ ಬದಲಿಸುತ್ತಾರೆ. ಟ್ರಿಗರ್ ಚುರುಕಾಗಲೆಂದು ಸಿಯರಿನ ಮೂಲೆಯನ್ನು ಅರದಿಂದ ಉಜ್ಜುತ್ತಾರೆ. ಆಮೇಲೆ ಮಾರುತ್ತಾರೆ. ಸಿಯರಿನ ಅಂಚು ಚೂಪಾಗಿ ಚೌಕವಾಗಿರಬೇಕು. ದುಂಡಗಾಗಿದ್ದರೆ ಹ್ಯಾಮರ್ ಹಿಂದೆ ಬಂದರೂ ಹಿಡಿತ ಸಿಗದೆ ಜಾರುತ್ತದೆ. ದುಂಡಗಾದ ಸಿಯರನ್ನು ಮತ್ತೆ ಉಜ್ಜಿ ಚೌಕ ಮಾಡುವುದು ಬೇಡ, ಮೇಲ್ಪದರದ ಗಡಸುತನ ಹೋಗಿರುತ್ತದೆ. ಹೊಸ ಸಿಯರ್, ಅದರ ಜೊತೆಗೆ ಅದರ ಪುಟ್ಟ ಸ್ಪ್ರಿಂಗ್. ಬಿಚ್ಚಿದಾಗ ಕಂಪನಿಯ ಚಿತ್ರದಲ್ಲಿ ಇಲ್ಲದ ವಾಷರ್, ಕತ್ತರಿಸಿದ ಸ್ಪ್ರಿಂಗ್, ಎರಡೆರಡು ಓ-ರಿಂಗ್ ಸಿಕ್ಕರೆ ಅದೃಷ್ಟ ಎಂದುಕೊಳ್ಳಿ: ಅವನ್ನೆಲ್ಲ ತೆಗೆದು ಮೂಲ ಭಾಗಗಳನ್ನು ಹಾಕಿದರೆ ಕಾಯಿಲೆ ಹೆಸರು ಹೇಳದೆ ಹೋಗುತ್ತದೆ.

ಬಿಚ್ಚುವ ಮಾತು ಬಂತಲ್ಲ. ಈ ಮಾರ್ಕರ್‌ಗಳಲ್ಲಿ ಬಹಳಷ್ಟು ಸ್ಕ್ರೂಗಳು ಇಂಚಿನ ಅಳತೆಯವು. ಒಂದರ ಎಂಟನೇ ಇಂಚು ಎಂದರೆ 3.175 ಮಿಲಿಮೀಟರ್. ಮನೆಯಲ್ಲಿರುವ 3 ಮಿಲಿಮೀಟರ್ ಎಲನ್ ಕೀ ಅದರೊಳಗೆ ಹೋಗುತ್ತದೆ, ತಿರುಗುತ್ತದೆ, ಸ್ಕ್ರೂ ಮಾತ್ರ ತಿರುಗುವುದಿಲ್ಲ. ಎರಡು ಸಲ ಹೀಗೆ ಮಾಡಿದರೆ ಆರು ಮೂಲೆಯ ಗುಂಡಿ ದುಂಡಗಿನ ಗುಂಡಿಯಾಗಿ, ಮುಂದಿನ ಅಧ್ಯಾಯ ಡ್ರಿಲ್ಲಿನದು. ಇಂಚಿನ ಕೀಗಳ ಒಂದು ಕಟ್ಟು ಕೊಳ್ಳಿ. ಮೊದಲೇ ದುಂಡಗಾಗಿರುವ ಸ್ಕ್ರೂ ಕಂಡರೆ, ನಿಮಗಿಂತ ಮೊದಲು ಯಾರೋ ಇಲ್ಲಿಗೆ ಬಂದಿದ್ದರು ಎಂದು ತಿಳಿಯಿರಿ. ಒಳಗಿನ ಪರಿಸ್ಥಿತಿಗೆ ಸಿದ್ಧರಾಗಿ.

ಟಿಪ್‌ಮ್ಯಾನ್ 98ರಂಥವುಗಳ ಮೈ ಎಡ, ಬಲ ಎಂದು ಎರಡು ಹೋಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸ್ಕ್ರೂ ತಲೆಗಳಿರುವ ಹೋಳು ಮೇಲಾಗುವಂತೆ ಮಲಗಿಸಿ, ಹ್ಯಾಮರ್ ಕಾಕ್ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೇಲಿನ ಹೋಳನ್ನು ನಿಧಾನಕ್ಕೆ ನೇರವಾಗಿ ಎತ್ತಿ. ಓರೆಯಾಗಿ ಎತ್ತಿದರೆ ಮುಖ್ಯ ಸ್ಪ್ರಿಂಗ್ ತನ್ನ ಕಡ್ಡಿಯ ಸಮೇತ ಕೋಣೆಯ ಅತಿ ಕತ್ತಲೆಯ ಮೂಲೆಗೆ ವಲಸೆ ಹೋಗುತ್ತದೆ. ಎತ್ತಿದ ಕೂಡಲೇ, ಏನನ್ನೂ ಮುಟ್ಟುವ ಮೊದಲು, ಫೋನಿನಲ್ಲಿ ಎರಡು ಫೋಟೋ ತೆಗೆಯಿರಿ. ಟ್ರಿಗರ್ ಸ್ಪ್ರಿಂಗ್ ಯಾವುದು, ಸಿಯರ್ ಸ್ಪ್ರಿಂಗ್ ಯಾವುದು, ಯಾವ ತುದಿ ಎತ್ತ ಎಂಬ ವಿಚಾರದಲ್ಲಿ ಅರ್ಧ ಗಂಟೆಯ ನಂತರ ನಿಮ್ಮ ನೆನಪಿಗಿಂತ ಫೋಟೋ ಮೇಲು. ಮುಚ್ಚುವಾಗ ಹ್ಯಾಮರ್ ಮತ್ತು ಬೋಲ್ಟನ್ನು ಜೋಡಿಸುವ ಕೊಂಡಿ ಎರಡೂ ತುದಿಯಲ್ಲಿ ತನ್ನ ತೂತಿನಲ್ಲಿ ಕೂತಿದೆಯೇ ನೋಡಿ. ಹೋಳುಗಳು ಸಲೀಸಾಗಿ ಕೂಡದಿದ್ದರೆ ಒಳಗೆ ಏನೋ ಜಾಗ ತಪ್ಪಿದೆ. ಸ್ಕ್ರೂ ಬಿಗಿದು ಕೂಡಿಸಿದರೆ ಜಾಗ ತಪ್ಪಿದ್ದು ಮುರಿಯುತ್ತದೆ. ಕೊಂಡಿ ಬಾಗಿದ್ದರಂತೂ ಬೋಲ್ಟ್ ಎಳೆದಾಡುತ್ತ ಟುಸ್, ಟರ್ರ್ ಎರಡನ್ನೂ ಹಾಡುತ್ತದೆ.

ಒಣಗಿದ ಬಣ್ಣ ತೆಗೆಯಲು ಥಿನ್ನರ್, ಸೀಮೆಎಣ್ಣೆ ಏನೂ ಬೇಡ. ಗುಂಡಿನ ಸಿಪ್ಪೆ ಜೆಲಟಿನ್, ಒಳಗಿನದು ಮುಖ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್. ಎರಡೂ ಬೆಚ್ಚಗಿನ ನೀರಿಗೆ ಶರಣಾಗುತ್ತವೆ. ಒರೆಸಿ ಒಣಗಿಸಿದ ಮೇಲೆ ಪೇಂಟ್‌ಬಾಲ್ ಎಣ್ಣೆ ಕೆಲವೇ ಹನಿ. ಬ್ಲೋಬ್ಯಾಕ್ ಆದರೆ ಟ್ಯಾಂಕ್ ಕೂರುವ ಬಾಯಿಗೆ ನಾಲ್ಕೈದು ಹನಿ ಬಿಟ್ಟು ಗುಂಡಿಲ್ಲದೆ ಹತ್ತಾರು ಸಲ ಹಾರಿಸಿದರೆ ಎಣ್ಣೆ ತಾನೇ ಒಳಗೆಲ್ಲ ಹರಡುತ್ತದೆ. ಕೀಲು ಕಿರುಗುಟ್ಟಿದಾಗ ಹೊಡೆಯುವ ಡಬ್ಲ್ಯುಡಿ-40ಯನ್ನು ಇಲ್ಲಿ ಹೊಡೆಯಬೇಡಿ, ಅದರಲ್ಲಿನ ದ್ರಾವಕ ಓ-ರಿಂಗುಗಳಿಗೆ ಆಗದು. ಗಾಳಿಯ ಟ್ಯಾಂಕಿಗೆ ಗಾಳಿ ತುಂಬಿಸುವ ನಿಪ್ಪಲಿಗಂತೂ ಒಂದು ಹನಿ ಎಣ್ಣೆಯನ್ನೂ ತಾಗಿಸಬಾರದು. ಅಷ್ಟು ಒತ್ತಡದ ಗಾಳಿ ರಭಸದಿಂದ ನುಗ್ಗುವಾಗ ಎಣ್ಣೆ ಹೊತ್ತಿಕೊಳ್ಳಬಲ್ಲದು.

ಉಳಿದದ್ದು ಪಚಕ್. ಮಾರ್ಕರ್ ಹಾರಿಸುತ್ತದೆ, ಆದರೆ ಗುಂಡಿನ ಬದಲು ಬಣ್ಣದ ತುಂತುರು ಬರುತ್ತದೆ. ಎಲ್ಲಿ ಒಡೆಯಿತು ಎಂಬುದೇ ಪ್ರಶ್ನೆ. ಬ್ಯಾರೆಲ್ ಬಿಚ್ಚಿ ಹಿಂಬದಿಯಿಂದ ನೋಡಿ. ಗುಂಡು ಕೂರುವ ಜಾಗದಲ್ಲೇ ಸಿಪ್ಪೆಯ ಚೂರು, ಬಣ್ಣ ತುಂಬಿದ್ದರೆ ಬೋಲ್ಟ್ ಅರ್ಧ ಇಳಿದ ಗುಂಡನ್ನು ಕತ್ತರಿಸಿದೆ. ಹಾಪರ್ ಕೊಡುವುದಕ್ಕಿಂತ ವೇಗವಾಗಿ ನೀವು ಒತ್ತುತ್ತಿದ್ದೀರಿ. ತೂಕದಿಂದಲೇ ಬೀಳುವ ಸಾದಾ ಹಾಪರ್ ಸೆಕೆಂಡಿಗೆ ಎಂಟು ಹತ್ತಕ್ಕಿಂತ ಹೆಚ್ಚು ಕೊಡಲಾರದು. ಬೆರಳಿಗೆ ಸ್ವಲ್ಪ ಸಮಾಧಾನ ಹೇಳಿ, ಇಲ್ಲವೇ ಮೋಟಾರು ಇರುವ ಹಾಪರ್ ಹಾಕಿ. ಹಿಂದೆ ಎಲ್ಲ ಸ್ವಚ್ಛ, ಬ್ಯಾರೆಲ್ಲಿನಲ್ಲಿ ಮಾತ್ರ ಬಣ್ಣ ಎಂದಾದರೆ ಗುಂಡು ಬ್ಯಾರೆಲ್ಲಿಗೆ ದಪ್ಪ, ಅಥವಾ ವೇಗ ಹೆಚ್ಚು, ಅಥವಾ ಹಿಂದಿನ ಸಲ ಒಡೆದದ್ದನ್ನು ಸರಿಯಾಗಿ ಒರೆಸಿಲ್ಲ. ಒಂದು ಒಡೆದರೆ ಅದರ ಬಣ್ಣಕ್ಕೆ ತಗುಲಿ ಮುಂದಿನದೂ ಒಡೆಯುತ್ತದೆ. ಬ್ಯಾರೆಲ್ಲಿನೊಳಗೆ ಎಳೆದು ಒರೆಸುವ ಪುಲ್‌ಥ್ರೂ ಹಾಕಿ ಒಣಗುವವರೆಗೆ ಒರೆಸದೆ ಹಾರಿಸುತ್ತ ಹೋದರೆ ಚೀಲ ಖಾಲಿಯಾಗುವವರೆಗೂ ಪಚಕ್.

ಗುಂಡಿನ ಅಳತೆ 0.68 ಇಂಚು, ಅಂದರೆ 17.3 ಮಿಲಿಮೀಟರ್ ಎಂದು ಡಬ್ಬದ ಮೇಲೆ ಬರೆದಿದ್ದರೂ ತೇವ ಕುಡಿದ ಗುಂಡು ಡಬ್ಬ ಓದುವುದಿಲ್ಲ. ಜೆಲಟಿನ್ ಗಾಳಿಯ ಪಸೆ ಹೀರಿ ಊದುತ್ತದೆ, ಮೆತ್ತಗಾಗುತ್ತದೆ, ಒಂದೇ ಮಗ್ಗುಲಲ್ಲಿ ತಿಂಗಳುಗಟ್ಟಲೆ ಬಿದ್ದರೆ ಚಪ್ಪಟೆಯಾಗುತ್ತದೆ. ಬಿಚ್ಚಿದ ಬ್ಯಾರೆಲ್ಲಿನ ಹಿಂಬದಿಗೆ ಒಂದು ಗುಂಡು ಹಾಕಿ ನೋಡಿ: ತಾನಾಗಿ ಉರುಳಿ ಆ ಕಡೆ ಬಿದ್ದರೆ ಸಡಿಲ, ಬಾಯಿಂದ ಊದಿದರೂ ಕದಲದಿದ್ದರೆ ಬಿಗಿ, ನಿಂತಿದ್ದು ಊದಿದಾಗ ಹೋದರೆ ಸರಿಜೋಡಿ. ಈ ಪರೀಕ್ಷೆ ಮಾರ್ಕರ್‌ನಿಂದ ಬಿಚ್ಚಿದ ಬ್ಯಾರೆಲ್ಲಿನಲ್ಲಿ ಮಾತ್ರ. ಮಾರ್ಕರ್ ಕೊಟ್ಟವನು ಉದಾರವಾಗಿ ಕೊಟ್ಟ ಅರ್ಧ ಚೀಲ ಹಳೆಯ ಗುಂಡುಗಳಿಂದ ಯಾವ ಮಾರ್ಕರನ್ನೂ ಪರೀಕ್ಷಿಸಬೇಡಿ. ನೆಲದಿಂದ ಹೆಕ್ಕಿದವಂತೂ ಬೇಡವೇ ಬೇಡ. ಮಣ್ಣಿನ ಕಣ ಬ್ಯಾರೆಲ್ಲಿನ ಒಳಮೈಯನ್ನು ಗೀರುತ್ತದೆ.

ಇಷ್ಟೆಲ್ಲ ಗೋಳಿನ ನಡುವೆ ಇತಿಹಾಸದಲ್ಲಿ ಒಂದು ಸಮಾಧಾನವಿದೆ. ಮರಗಳಿಗೂ ದನಗಳಿಗೂ ಗುರುತು ಹಾಕಲು ಮಾಡಿದ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲು ಹಿಡಿದು 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್‌ನ ಕಾಡಿನಲ್ಲಿ 12 ಮಂದಿ ಮೊದಲ ಪೇಂಟ್‌ಬಾಲ್ ಆಟ ಆಡಿದರು. ಬಾವುಟಗಳನ್ನೆಲ್ಲ ಎತ್ತಿಕೊಂಡು ಗೆದ್ದವನು ರಿಚಿ ವೈಟ್ ಎಂಬ ಅರಣ್ಯ ಕಸುಬಿನವನು, ಅದೂ ಒಂದೇ ಒಂದು ಗುಂಡು ಹಾರಿಸದೆ. ಅವನ ಮಾರ್ಕರ್ ಸರಿಯಿತ್ತೋ ಇಲ್ಲವೋ, ಪರೀಕ್ಷೆಗೇ ಬರಲಿಲ್ಲ.

ಸದ್ದುಗಳೆಲ್ಲ ಅಡಗಿ ಒಂದು ಒತ್ತಿಗೆ ಒಂದು ಗುಂಡು ಬರತೊಡಗಿದ ಮೇಲೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್. ಬಯಲಿನ ಮೈದಾನಗಳಲ್ಲಿ ಸಾಮಾನ್ಯ ಮಿತಿ ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್. ಎಷ್ಟೋ ಕಡೆ 280 ಎನ್ನುತ್ತಾರೆ, ಒಳಾಂಗಣದಲ್ಲಿ ಇನ್ನೂ ಕಡಿಮೆ. ರಿಪೇರಿಯಾದ ಮಾರ್ಕರ್ ಮೊದಲ ಸಲ ಈ ಮಿತಿ ದಾಟುವುದು ಅಪರೂಪವಲ್ಲ, ಏಕೆಂದರೆ ಹಳೆಯ ಒಡೆಯ ಸೋರುವ ಉಂಗುರಕ್ಕೆ ಸರಿಯಾಗಿ ವೇಗದ ಸ್ಕ್ರೂವನ್ನು ಏರಿಸಿಟ್ಟಿರುತ್ತಾನೆ. ಉಂಗುರ ಬದಲಾದ ಮೇಲೆ ಆ ಹೆಚ್ಚುವರಿಯೆಲ್ಲ ಗುಂಡಿಗೆ ಸಿಗುತ್ತದೆ. ಕಾಲು ಸುತ್ತು ತಿರುಗಿಸಿ, ಎರಡು ಮೂರು ಹಾರಿಸಿ, ಆಮೇಲಿನ ಅಂಕಿ ನಂಬಿ. ಎತ್ತ ತಿರುಗಿಸಬೇಕು ಎಂಬುದು ಮಾದರಿಗೊಂದು ಥರ: ಟಿಪ್‌ಮ್ಯಾನ್ 98ರಲ್ಲಿ ಸ್ಕ್ರೂ ಒಳಗೆ ಹೋದಷ್ಟೂ ವೇಗ ಇಳಿಯುತ್ತದೆ, ಸ್ಪ್ರಿಂಗನ್ನು ಒತ್ತುವ ಸ್ಕ್ರೂ ಇರುವವುಗಳಲ್ಲಿ ಒಳಗೆ ಹೋದಷ್ಟೂ ಏರುತ್ತದೆ. ಇಂಗಾಲದ ಡೈಆಕ್ಸೈಡ್ ಬಳಸುವವರು ಬೆಳಿಗ್ಗೆ ತಂಪಿನಲ್ಲಿ ಹೊಂದಿಸಿದ್ದನ್ನು ಮಧ್ಯಾಹ್ನ ಬಿಸಿಲೇರಿದಾಗ ಇನ್ನೊಮ್ಮೆ ಅಳೆಯಬೇಕು.

ಅಂಕಿಗಳು 285, 278, 281 ಎಂದು ಹತ್ತಿರ ಹತ್ತಿರ ಇದ್ದರೆ ಹಾಪರ್ ತುಂಬಿಸಿ ಹೊರಡಿ. 290, 240, 305 ಎಂದು ಕುಣಿಯುತ್ತಿದ್ದರೆ ಮತ್ತೆ ಎಲನ್ ಕೀಗೆ ಕೈ ಹಾಕುವ ಮೊದಲು, ಪಕ್ಕದಲ್ಲಿ ನೆಟ್ಟಗೆ ಹಾರಿಸುತ್ತಿರುವವರ ಹಾಪರಿನಿಂದ ಹತ್ತು ಗುಂಡು ಸಾಲ ತಂದು ಹಾಕಿ ನೋಡಿ. ಅಂಕಿ ನೆಟ್ಟಗಾದರೆ ಬಿಚ್ಚಬೇಕಾದ್ದು ಮಾರ್ಕರ್ ಅಲ್ಲ, ಹೊಸ ಗುಂಡಿನ ಚೀಲ.